ಪ್ರಾಣಿಗೂ ನೆಲೆಗೂ ಇರುವ ನಂಟು

ಮೊಟ್ಟೆಯಿಟ್ಟು ಮರಿಗಳಿಗೆ ಹಾಲೂಡುವ ಪ್ಲಾಟಿಪಸ್ ಎಂಬ ವಿಚಿತ್ರ ಪ್ರಾಣಿಯ ಸಹಜ ನೆಲೆ ಪೂರ್ವ ಆಸ್ಟ್ರೇಲಿಯ ಮತ್ತು ತಾಸ್ಮೇನಿಯಗಳ ಸಿಹಿನೀರಿನ ಹೊಳೆಗಳು. ನೀರಿನಲ್ಲಿ ಮುಳುಗಿದೊಡನೆ ಅದು ಕಣ್ಣು, ಕಿವಿ, ಮೂಗುಗಳನ್ನು ಮುಚ್ಚಿಕೊಳ್ಳುತ್ತದೆ. ಹುಳು, ಸೀಗಡಿಗಳ ಸ್ನಾಯುಗಳಿಂದ ಹೊರಡುವ ಅತಿ ಕ್ಷೀಣವಾದ ವಿದ್ಯುತ್ತನ್ನು ಕೊಕ್ಕಿನಿಂದ ಗ್ರಹಿಸಿ ಬೇಟೆಯಾಡುತ್ತದೆ. ನೀರು ವಿದ್ಯುದ್ವಾಹಕ, ಒಣಗಾಳಿ ಅಲ್ಲ. ಆದುದರಿಂದ ಈ ಇಂದ್ರಿಯದ ಪೂರ್ಣ ಪ್ರಯೋಜನ ಹೊಳೆಯಲ್ಲಿಯೇ. ಹೀಗೆ ದೇಹರಚನೆಗೂ ನೆಲೆಗೂ ಬೀಗಕ್ಕೂ ಕೀಲಿಗೂ ಇರುವಂಥ ಸಂಬಂಧವುಂಟು.

ಇದೇ ತತ್ತ್ವವನ್ನು ನಮ್ಮ ಸೀಮೆಯಲ್ಲಿಯೂ ಕಾಣಬಹುದು. ಮಧುಗಿರಿ, ಕೊರಟಗೆರೆ, ಪಾವಗಡಗಳ ಬಂಡೆಗುಡ್ಡಗಳ ಸಂದುಗಳು ಕರಡಿಗೆ ಹಗಲಿನ ಆಶ್ರಯ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳು ಬಣ್ಣದ ಕೊಕ್ಕರೆಗಳ ಗೂಡಿನ ತಾಣ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಕೃಷ್ಣಮೃಗದ ಬೀಡು. ಅಲ್ಲಿನ ಸುಮಾರು 800 ಎಕರೆ ಪ್ರದೇಶವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು.

ಕೃಷ್ಣಮೃಗಕ್ಕೆ ಬಯಲೇ ಏಕೆ ಬೇಕು? ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ತೋಳವೊಂದು ಸೆಕೆಂಡಿಗೆ 15 ಮೀಟರ್ ವೇಗದಿಂದ ಓಡಿಬರುತ್ತಿದೆಯೆಂದು ಭಾವಿಸೋಣ. ಬಯಲಿನಲ್ಲಿ ಅದು 300 ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೆ, ನಿಂತಿರುವ ಮೃಗವನ್ನು ಮುಟ್ಟಲು 20 ಸೆಕೆಂಡು ಬೇಕು. ಪೊದೆಗಳ ನಡುವೆ 30 ಮೀಟರ್ ದೂರದಲ್ಲಿ ಮಾತ್ರ ಕಂಡರೆ ಉಳಿಯುವುದು ಕೇವಲ 2 ಸೆಕೆಂಡು! ಬೆದರಿ, ತಿರುಗಿ, ವೇಗ ಪಡೆಯುವುದೆಲ್ಲವೂ ಅಷ್ಟರೊಳಗೆ ನಡೆಯಬೇಕು. ಗಂಟೆಗೆ ಸುಮಾರು 80 ಕಿಲೋಮೀಟರ್, ಅಂದರೆ ಸೆಕೆಂಡಿಗೆ 22 ಮೀಟರ್ ಓಡಬಲ್ಲ ಆ ಕಾಲುಗಳಿಗೆ ದೂರದ ನೋಟವೂ ತೆರೆದ ದಾರಿಯೂ ಇಲ್ಲದಿದ್ದರೆ ಫಲವೇನು?

ಇಲ್ಲಿಯೇ ನಾವು ಎಡವುವುದು. ಮರವಿಲ್ಲದ ನೆಲವನ್ನು ‘ಪಾಳುಭೂಮಿ’ ಎಂದು ಕರೆದು, ಅಲ್ಲಿ ಗಿಡ ನೆಡುವುದನ್ನೇ ಪುಣ್ಯಕಾರ್ಯವೆಂದು ತಿಳಿಯುತ್ತೇವೆ. ಮೈದನಹಳ್ಳಿಯ ಬಯಲಿನ ಭಾಗಗಳಲ್ಲಿಯೂ ನೀಲಗಿರಿಯನ್ನು ನೆಟ್ಟದ್ದುಂಟು. ನೀಲಗಿರಿಯ ತವರು ಆಸ್ಟ್ರೇಲಿಯ. ಅಲ್ಲಿ ಅದರ ಬೇರುಗಳು ಹೊಳೆಯ ದಡವನ್ನು ಬಿಗಿಹಿಡಿದು ಪ್ಲಾಟಿಪಸ್ಸಿನ ಬಿಲಕ್ಕೆ ರಕ್ಷೆಯಾಗುತ್ತವೆ. ಅದೇ ಮರ ಇಲ್ಲಿ ದಟ್ಟವಾಗಿ ಬೆಳೆದರೆ ಹುಲ್ಲು ಕ್ಷೀಣಿಸುತ್ತದೆ, ನೋಟ ಮರೆಯಾಗುತ್ತದೆ. ಒಂದು ಪ್ರಾಣಿಯ ಆಸರೆ ಇನ್ನೊಂದಕ್ಕೆ ಅಡ್ಡಿಯಾಗಬಹುದು.

ಆದುದರಿಂದ ಯಾವುದೇ ಬಯಲನ್ನು ಬರಿದೆಂದು ತೀರ್ಮಾನಿಸುವ ಮೊದಲು, ಅದು ಯಾರ ಮನೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.