ಥಂಡ್ಯಾಗ ಎಸಿ ಯಾಕ?

ಡಿಸೆಂಬರ್, ಜನವರಿಯಲ್ಲಿ ಬೋನಾಳ ಕೆರೆಗೆ ಹಕ್ಕಿ ನೋಡಲು ಬರುವವರು ಕತ್ತಲಿರುವಾಗಲೇ ಗಾಡಿ ಹತ್ತುತ್ತಾರೆ. ಬಿಸಿಲೇರುವ ಮೊದಲೇ ಪಟ್ಟೆತಲೆ ಹೆಬ್ಬಾತು ಕಾಣಬೇಕೆಂಬ ಅವಸರ ಅವರದು. ಬಾಡಿಗೆ ಗಾಡಿ ಓಡಿಸುವ ನನಗೆ ಕಾಣಬೇಕಾದದ್ದು ಹಿಂದೆ ದೀಪವಿಲ್ಲದೆ ಹೊರಟ ಹತ್ತಿಯ ಟ್ರ್ಯಾಕ್ಟರ್. ಒಂದು ಕಡೆ ಕೆರೆ, ಇನ್ನೊಂದು ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ನಸುಕಿನಲ್ಲಿ ಮಂಜು ಬೀಳದೆ ಇರುತ್ತದೆಯೇ? ಆದರೆ ಕೂತವರು ‘ಏನ್ ಮಂಜ್ ಬಿದ್ದೈತ್ರೀ’ ಎನ್ನುವಾಗ ಎಷ್ಟೋ ಸಲ ಆ ಮಂಜು ಇರುವುದು ಗಾಡಿಯ ಒಳಗೇ.

ಗಾಜಿನ ಒಳಮೈಗೆ ಬೆರಳಿಂದ ಗೆರೆ ಎಳೆದು ನೋಡಿ. ಗೆರೆ ಮೂಡಿದರೆ ಅದು ನಮ್ಮದೇ ಉಸಿರು. ಗಾಡಿ ತುಂಬ ಜನ, ಕಾಲಡಿ ಒದ್ದೆ ಮ್ಯಾಟು, ಬುತ್ತಿಯಲ್ಲಿ ಬಿಸಿ ರೊಟ್ಟಿ. ಇಷ್ಟರ ತೇವವೆಲ್ಲ ತಣ್ಣನೆಯ ಗಾಜು ಸೋಕಿ ಹನಿಗಟ್ಟುತ್ತದೆ. ನಾನು ಎಸಿ ಹಾಕುತ್ತೇನೆ. ಹಿಂದಿನ ಸೀಟಿನಿಂದ ತಪ್ಪದೆ ಬರುವ ಮಾತು: “ಇಂಥಾ ಥಂಡ್ಯಾಗ ಎಸಿ ಯಾಕ ಹಚ್ಚೀದಿ ತಮ್ಮಾ?”

ಎಸಿ ಗಾಳಿಯ ತೇವವನ್ನೂ ಹಿಂಡುತ್ತದೆ. ನಿಂತ ಗಾಡಿಯ ಅಡಿಯಲ್ಲಿ ತೊಟ್ಟಿಕ್ಕುವ ನೀರು ಅದೇ. ಎಸಿ ಹಾಕಿ, ಬಿಸಿಯ ನಾಬನ್ನು ಕೆಂಪಿನ ಕಡೆ ತಿರುವಿ, ಗಾಳಿಯನ್ನು ಮುಂದಿನ ಗಾಜಿಗೆ ಬಿಟ್ಟರೆ ಒಣ, ಬೆಚ್ಚನೆಯ ಗಾಳಿ ಗಾಜನ್ನು ತಿಳಿಯಾಗಿಸುತ್ತದೆ. ಕೂತವರಿಗೂ ಥಂಡಿ ಹತ್ತುವುದಿಲ್ಲ. ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಬಟನ್ ಮಾತ್ರ ಆಫ್ ಇರಬೇಕು. ಅದು ಆನ್ ಇದ್ದರೆ ಬಿಟ್ಟ ಉಸಿರೇ ಒಳಗೆ ತಿರುಗುತ್ತಿರುತ್ತದೆ. ಹೀಟರ್ ಕೆಟ್ಟ ಹಳೆ ಗಾಡಿಯಾದರೆ ಎರಡೂ ಬದಿಯ ಗಾಜು ಬೆರಳಷ್ಟು ಇಳಿಸಿದರೂ ನಡೆಯುತ್ತದೆ.

ಮಳೆಗಾಲದಲ್ಲಿ ಲೆಕ್ಕ ಉಲ್ಟಾ. ಎಸಿ 18ಕ್ಕಿಟ್ಟು ಹೊರಟರೆ ತಣ್ಣೀರಿನ ತಂಬಿಗೆ ಬೆವರಿದಂತೆ ಗಾಜು ಹೊರಗಡೆ ಬೆವರುತ್ತದೆ. ಒಳಗೆ ಎಷ್ಟು ಒರೆಸಿದರೂ ಹೋಗದು. ವೈಪರ್ ಒಮ್ಮೆ ಆಡಿಸಿ, ಎಸಿಯನ್ನು 25ರ ಆಸುಪಾಸಿಗೆ ತಂದು, ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಬೇಕು.

ಓಡಿಸುತ್ತಲೇ ಟವೆಲಿನಿಂದ ಒರೆಸುವ ಚಾಳಿ ನನಗೆ ಸೇರದು. ಕೈಯ ಜಿಡ್ಡು ಮೆತ್ತಿಕೊಂಡು ಎದುರು ಲಾರಿಯ ಬೆಳಕು ಗಾಜೆಲ್ಲ ಹರಡಿದಂತೆ ಕಾಣುತ್ತದೆ. ಡ್ಯಾಶ್‌ಬೋರ್ಡಿನ ದೇವರಿಗೆ ಹಚ್ಚುವ ಊದಿನಕಡ್ಡಿಯ ಹೊಗೆಯೂ ಹಾಗೆಯೇ, ಗಾಜಿಗೆ ಜಿಡ್ಡಿನ ಪೊರೆ ಕಟ್ಟುತ್ತದೆ. ಹನಿ ಕೂರಲು ಅದೇ ಹಾಸಿಗೆ. (ದೇವರು ಹೂವಿಗೂ ಒಲಿಯುತ್ತಾನೆ.) ಹಿಂದಿನ ರಾತ್ರಿಯೇ ಗಾಜಿನ ಒಳಮೈ ತೊಳೆದು, ಕಡಲೆಯಷ್ಟು ಶೇವಿಂಗ್ ಫೋಮ್ ಸವರಿ, ಹೊಳಪು ಬರುವವರೆಗೆ ಒಣಬಟ್ಟೆಯಲ್ಲಿ ಉಜ್ಜುತ್ತೇನೆ. ಅದರ ಸಾಬೂನಿನ ಅಂಶ ಉಳಿದು, ತೇವ ಹನಿಗಟ್ಟದೆ ತೆಳ್ಳಗೆ ಹರಡುತ್ತದೆ, ದಾರಿ ಕಾಣುತ್ತದೆ. ಕೆಲವು ದಿನಕ್ಕೆ ಮತ್ತೆ ಸವರಬೇಕು.

ಗಾಜು ತಿಳಿಯಾದ ಮೇಲೂ ಮುಂದೆ ಬಿಳುಪೇ ಕಂಡರೆ ಅದು ನಿಜವಾದ ಮಂಜು. ಹೈಬೀಮ್ ಹಾಕಿದರೆ ಬೆಳಕು ಕಣ್ಣಿಗೇ ಮರಳುತ್ತದೆ, ಡಿಮ್‌ನಲ್ಲೇ ನಿಧಾನ ಸಾಗಬೇಕು. ತಿಂಥಣಿ ಸೇತುವೆ ಕಡೆಗೆ ಬಾಡಿಗೆ ಇದ್ದ ದಿನ ಕೃಷ್ಣೆಯ ಮೇಲೆ ಮಂಜು ದಟ್ಟವಾಗಿದ್ದರೆ ಗಾಡಿಯನ್ನು ಚಹಾದಂಗಡಿಯ ಅಂಗಳಕ್ಕೇ ಇಳಿಸುತ್ತೇನೆ. ರಸ್ತೆಯ ಅಂಚಿನಲ್ಲಿ ನಿಲ್ಲಿಸುವುದಿಲ್ಲ. ಹಿಂದೆ ಬರುವವನ ಗಾಜು ಹೇಗಿದೆಯೋ ಯಾರಿಗೆ ಗೊತ್ತು.