ಹಾಯಿ ಹಿಡಿದು ಮುಂಬೈ ನೋಡಿ: ಹೊಸಬರಿಗೆ ಹಂತ ಹಂತವಾಗಿ

ಗೇಟ್‌ವೇ ಆಫ್ ಇಂಡಿಯಾವನ್ನು ನಾವೆಲ್ಲ ನೋಡುವುದು ರಸ್ತೆಯ ಕಡೆಯಿಂದ. ಅದನ್ನು ಕಟ್ಟಿದ್ದು ಸಮುದ್ರದ ಕಡೆಯಿಂದ ಬರುವವರಿಗಾಗಿ. 1911ರಲ್ಲಿ ಐದನೇ ಜಾರ್ಜ್ ದೊರೆ ಇಲ್ಲಿ ಬಂದಿಳಿದ ನೆನಪಿಗೆಂದು ಜಾರ್ಜ್ ವಿಟೆಟ್ ರೂಪಿಸಿದ ಈ ಕಮಾನು 1924ರಲ್ಲಿ ಪೂರ್ತಿಯಾಯಿತು. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಸೇನಾ ತುಕಡಿ ಇದರಡಿಯಲ್ಲೇ ನಡೆದು ಹಡಗಿನತ್ತ ಹೊರಟಿತು. ಮುಂಬೈ ಕಡಲಿಗೆ ಮುಖ ಮಾಡಿ ಬೆಳೆದ ಊರು. ಆ ಮುಖ ಕಾಣಬೇಕಾದರೆ ನೀರಿಗೇ ಹೋಗಬೇಕು.

ಹೋಗಲು ಸುಲಭದ ದಾರಿ ಎಲಿಫೆಂಟಾದ ಲಾಂಚ್. ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತರೆ ಎಂಜಿನ್ನಿನ ಸದ್ದಿನಲ್ಲಿ ದ್ವೀಪ ತಲುಪುತ್ತೀರಿ. ನಾನು ಹೇಳಹೊರಟಿದ್ದು ಅದಲ್ಲ. ಹಾಯಿದೋಣಿಯಲ್ಲಿ ಹೋಗಿ, ಅದರಲ್ಲೂ ನೀವೇ ಚುಕ್ಕಾಣಿ ಹಿಡಿದು, ಹಗ್ಗ ಎಳೆದು ಹೋಗಿ ಎಂಬುದು ನನ್ನ ಒತ್ತಾಯ. ತಾಜ್ ಹೋಟೆಲಿನ ಗುಮ್ಮಟವನ್ನು ಗುರಿಯಾಗಿಟ್ಟುಕೊಂಡು ಸ್ವಲ್ಪ ಹೊತ್ತು ದೋಣಿ ನಡೆಸಿದವರಿಗೆ ಆ ಗುಮ್ಮಟ ಎಲ್ಲಿದೆ, ಅದರ ಎಡಬಲದಲ್ಲಿ ಏನೇನಿದೆ ಎಂಬುದು ಮತ್ತೆ ಮರೆಯುವುದಿಲ್ಲ. ಹಾಯಿದೋಣಿಯನ್ನು ಹತ್ತಿರದಿಂದ ಕಂಡೇ ಇರದವರಿಗೂ ಇದು ಆಗುವ ಕೆಲಸ. ಅನುಭವಸ್ಥ ಸ್ಕಿಪರ್, ಅಂದರೆ ದೋಣಿಯ ಮುಖ್ಯಸ್ಥರೊಬ್ಬರು, ಜೊತೆಗೇ ಇರುತ್ತಾರೆ.

ಹಂತ 1: ತಿಂಗಳು ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಆಸೆ ಬಿಟ್ಟುಬಿಡಿ. ಮಳೆಗಾಲದ ಅರಬ್ಬಿ ಸಮುದ್ರ ಹಾಯಿದೋಣಿಗಳಿಗೆ ಸಲ್ಲದು. ಆಗ ಮುಂಬೈಯ ದೋಣಿಗಳನ್ನು ದಡಕ್ಕೆತ್ತಿ ಇಡುತ್ತಾರೆ. ಅಕ್ಟೋಬರ್‌ನಿಂದ ಮೇವರೆಗೆ ಕಾಲ ಅನುಕೂಲ. ಹೊಸಬರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳೇ ಒಳ್ಳೆಯವು, ಬಿಸಿಲು ಸಹಿಸುವಷ್ಟಿರುತ್ತದೆ.

ದಿನದ ಹೊತ್ತಿನ ಬಗ್ಗೆ ಸ್ವಲ್ಪ ಯೋಚಿಸಬೇಕು. ಈ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲುಗಾಳಿ ಬೀಸುತ್ತದೆ, ಹತ್ತು ಗಂಟೆ ಹೊತ್ತಿಗೆ ಅದೂ ಸತ್ತುಹೋಗಬಹುದು. ನೆಲ ಕಾದಂತೆ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಅದು ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ, ಹತ್ತು ನಾಟ್ ಆಸುಪಾಸು, ಅಂದರೆ ಗಂಟೆಗೆ 18 ಕಿಲೋಮೀಟರ್‌ನಷ್ಟು. ಕಲಿಯುವವರಿಗೆ ಇದು ಹದವಾದ ಗಾಳಿ. ಆದರೆ ಬಂದರು ಊರಿನ ಪೂರ್ವಕ್ಕಿದೆ. ಬೆಳಗಿನ ಬಿಸಿಲು ಕಟ್ಟಡಗಳ ಮುಖದ ಮೇಲೆ ಬೀಳುತ್ತದೆ, ಸಂಜೆ ಸೂರ್ಯ ಅವುಗಳ ಹಿಂದೆ ಇಳಿಯುತ್ತಾನೆ. ಒಳ್ಳೆಯ ಫೋಟೊ ಬೇಕಾದವರು ಬೆಳಿಗ್ಗೆ ಹೋಗಲಿ. ದೋಣಿ ನಡೆಸುವ ಆಸೆಯಿದ್ದವರು ಮೂರು ಗಂಟೆಗೆ ಹೊರಡಲಿ. ನನ್ನ ಮತ ಗಾಳಿಗೆ.

ಹಂತ 2: ಪಂಚಾಂಗ ನೋಡಿ ದಿನ ಆರಿಸಿ

ಇಲ್ಲಿನ ಉಬ್ಬರ ಇಳಿತ ಸಣ್ಣದಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ದೊಡ್ಡ ಉಬ್ಬರದಲ್ಲಿ ನೀರು ನಾಲ್ಕು ಮೀಟರಿಗೂ ಮೇಲೇರುತ್ತದೆ. ಮುಂಬೈಯಲ್ಲಿ ಈ ದೊಡ್ಡ ಉಬ್ಬರಗಳು ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೇ ಬರುತ್ತವೆ. ಹಾಗಾಗಿ ಆ ದಿನಗಳಲ್ಲಿ ಮಧ್ಯಾಹ್ನವಿಡೀ ನೀರು ಬಂದರಿನಿಂದ ದಕ್ಷಿಣಕ್ಕೆ, ಹೊರಗಡಲಿಗೆ, ಜೋರಾಗಿ ಸರಿಯುತ್ತಿರುತ್ತದೆ. ಅಷ್ಟಮಿಯ ಆಸುಪಾಸು ಲೆಕ್ಕ ತಿರುವುಮುರುವು. ಸೆಳೆತ ಕಡಿಮೆ, ಮಧ್ಯಾಹ್ನ ನೀರು ಒಳಕ್ಕೆ ಏರುತ್ತಿರುತ್ತದೆ. ವಾಯವ್ಯದ ಗಾಳಿಗೆ ಎದುರಾಗಿ ಮರಳಬೇಕಾದ ಹೊಸಬರಿಗೆ ಈ ಏರುನೀರು ದೊಡ್ಡ ಸಹಾಯ. ಆದ್ದರಿಂದ ಸಾಧ್ಯವಾದರೆ ಅಷ್ಟಮಿಯ ಒಂದೆರಡು ದಿನ ಹಿಂದೆ ಮುಂದೆ ಹೋಗಿ. ಆ ದಿನದ ನಿಖರ ಸಮಯಕ್ಕೆ ಮುಂಬೈ ಬಂದರಿನ ಉಬ್ಬರ ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ.

ಹಂತ 3: ದೋಣಿ ಗೊತ್ತುಮಾಡುವುದು

1846ರಲ್ಲಿ ಹುಟ್ಟಿದ ರಾಯಲ್ ಬಾಂಬೆ ಯಾಟ್ ಕ್ಲಬ್ ಗೇಟ್‌ವೇ ಪಕ್ಕದಲ್ಲೇ ಇದೆ. ಅಲ್ಲಿ ಸದಸ್ಯರ ಪರಿಚಯ ಬೇಕು. ಪರಿಚಯವಿಲ್ಲದವರಿಗೆ ಸ್ಕಿಪರ್ ಸಮೇತ ಗಂಟೆ ಲೆಕ್ಕದಲ್ಲಿ ದೋಣಿ ಕೊಡುವ ಖಾಸಗಿ ತರಬೇತಿ ಸಂಸ್ಥೆಗಳಿವೆ. ಗೇಟ್‌ವೇ ಮೆಟ್ಟಿಲ ಬಳಿ ಕೈ ಹಿಡಿದೆಳೆಯುವ ದಲ್ಲಾಳಿಗಳ ಮಾತಿಗೆ ಹೋಗದೆ ಮೊದಲೇ ಫೋನ್ ಮಾಡಿ ಹಣ ಕೊಡುವ ಮುನ್ನ ಇಷ್ಟನ್ನು ಕೇಳಿ: ಎಂಜಿನ್ ನಿಲ್ಲಿಸಿ ಹಾಯಿಯಲ್ಲೇ ಹೋಗುತ್ತೀರಾ? ನನ್ನ ಕೈಗೆ ಚುಕ್ಕಾಣಿ ಕೊಡುತ್ತೀರಾ? ಲೈಫ್ ಜಾಕೆಟ್ ಎಲ್ಲರ ಅಳತೆಗೂ, ಮಕ್ಕಳ ಅಳತೆಗೂ ಇದೆಯೇ? ಬಾಡಿಗೆ ದೋಣಿಗೋ, ತಲೆಗೋ? ಗಾಳಿ ಇಲ್ಲದಿದ್ದರೆ ಏನು ಮಾಡುತ್ತೀರಿ?

ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕೇಳದಿದ್ದರೆ ನಿಮ್ಮನ್ನು ಸೂರ್ಯಾಸ್ತ ನೋಡಲು ಬಂದವರೆಂದುಕೊಂಡು ಮೂಲೆಯಲ್ಲಿ ಕೂರಿಸಿ ಸುತ್ತಾಡಿಸಿ ಕರೆತರುತ್ತಾರೆ. ಕೇಳಿದರೆ ಹೆಚ್ಚಿನ ಸ್ಕಿಪರ್‌ಗಳಿಗೆ ಖುಷಿಯೇ ಆಗುತ್ತದೆ. ಕಲಿಯಲು ಬಂದವರೆಂದರೆ ಅವರಿಗೆ ಬೇರೆಯೇ ಅಕ್ಕರೆ.

ಜೆ-24ನಂಥ ದೋಣಿ ಸಿಕ್ಕರೆ ಹೊಸಬರಿಗೆ ಒಳ್ಳೆಯದು. ಇಪ್ಪತ್ನಾಲ್ಕು ಅಡಿ ಉದ್ದ, ಎರಡು ಹಾಯಿ, ನಾಲ್ಕೈದು ಜನ ಹಿಡಿಸುತ್ತದೆ. ಅದರ ತಳದಲ್ಲಿ ನೀರಿನೊಳಕ್ಕೆ ಇಳಿದಿರುವ ಕೀಲ್‌ನಲ್ಲಿ ನಾನೂರು ಕಿಲೋಗೂ ಹೆಚ್ಚು ಸೀಸದ ಭಾರವಿದೆ. ಗಾಳಿಗೆ ದೋಣಿ ಓರೆಯಾದಷ್ಟೂ ಈ ಭಾರ ಅದನ್ನು ನೆಟ್ಟಗೆ ನಿಲ್ಲಿಸಲು ಜಗ್ಗುತ್ತದೆ. ದೋಣಿ ವಾಲಿದಾಗ ಎದೆ ಝಲ್ಲೆನ್ನುವುದು ಸಹಜ. ವಾಲುವುದು ಮಗುಚುವುದಲ್ಲ ಎಂದು ಗೊತ್ತಿದ್ದರೆ ಧೈರ್ಯ ಬರುತ್ತದೆ.

ಹಂತ 4: ಉಡುಪು, ಊಟ

ಮೆತ್ತನೆ ಅಡಿಯ, ಜಾರದ ಬೂಟು ಹಾಕಿ, ಚಪ್ಪಲಿ ಬೇಡ. ದುಪಟ್ಟಾ, ಸೆರಗು, ಬಿಚ್ಚಿದ ಕೂದಲು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತವೆ. ಉಂಗುರ ಮನೆಯಲ್ಲೇ ಬಿಡಿ. ಕನ್ನಡಕಕ್ಕೆ ದಾರ ಕಟ್ಟಿ. ನೀರಿನಿಂದ ಪ್ರತಿಫಲಿಸುವ ಬಿಸಿಲು ಟೋಪಿಯ ಕೆಳಗೂ ಸುಡುತ್ತದೆ, ಸನ್‌ಸ್ಕ್ರೀನ್ ಹಚ್ಚಿ. ಬರಿಹೊಟ್ಟೆಯಲ್ಲೂ ಹೋಗಬೇಡಿ, ಹೊಟ್ಟೆ ಬಿರಿಯುವಂತೆ ಉಂಡೂ ಹೋಗಬೇಡಿ. ವಾಂತಿಯ ಭಯವಿದ್ದವರು ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ದೋಣಿಯಲ್ಲಿ ತಲೆ ಸುತ್ತಿದರೆ ಮೊಬೈಲ್ ಒಳಗಿಟ್ಟು ದೂರದ ದಿಗಂತ ನೋಡಿ. ಚುಕ್ಕಾಣಿ ಹಿಡಿದವರಿಗೆ ವಾಕರಿಕೆ ಕಡಿಮೆ, ಹಾಗಾಗಿ ಅದನ್ನು ಕೇಳಿ ತೆಗೆದುಕೊಳ್ಳಿ.

ಹಂತ 5: ಹತ್ತುವುದು

ಹಾಯಿದೋಣಿಗಳು ದಡದಿಂದ ದೂರ, ತೇಲುಬುಂಡೆಗಳಿಗೆ ಕಟ್ಟಿಕೊಂಡು ನಿಂತಿರುತ್ತವೆ. ನಿಮ್ಮನ್ನು ಅಲ್ಲಿಗೆ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಇಳಿತದ ಹೊತ್ತಿನಲ್ಲಿ ಜೆಟ್ಟಿಯ ಕೆಳಮೆಟ್ಟಿಲುಗಳು ಪಾಚಿಗಟ್ಟಿ ವಿಪರೀತ ಜಾರುತ್ತವೆ. ಅವಸರ ಬೇಡ, ಎರಡೂ ಕೈ ಖಾಲಿ ಇರಲಿ. ದೋಣಿಯಿಂದ ದೋಣಿಗೆ ದಾಟುವಾಗ ನಡುವಿನ ಸಂದಿಗೆ ಕೈಕಾಲು ಹಾಕಬೇಡಿ.

ಲೈಫ್ ಜಾಕೆಟ್ ದಡದಲ್ಲೇ ಹಾಕಿ, ಪಟ್ಟಿ ಬಿಗಿಯಾಗಿ ಕಟ್ಟಿ, ಮರಳಿ ದಡ ಹತ್ತುವವರೆಗೂ ಬಿಚ್ಚಬೇಡಿ. ಈಜು ಬಲ್ಲವರಿಗೂ ಇದೇ ಮಾತು. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ವೇಗದ ದೋಣಿಯೊಂದು ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡಿದ್ದು ಇದೇ ನೀರಿನಲ್ಲಿ, ಹಾಡುಹಗಲಲ್ಲಿ. ಜಾಕೆಟ್ ಕೊಡದ ದೋಣಿಯನ್ನು ಹತ್ತಲೇಬೇಡಿ.

ಹಂತ 6: ಮೊದಲು ಗಾಳಿಯನ್ನು ಹುಡುಕಿ

ನಡುವಿನ ಎತ್ತರದ ಕಂಬ ಕೂವೆಮರ. ಅದರ ಬುಡದಿಂದ ಹಿಂದಕ್ಕೆ ಅಡ್ಡವಾಗಿ ಚಾಚಿರುವುದು ಬೂಮ್. ಅದರ ಮೇಲೆ ನಿಲ್ಲುವುದು ದೊಡ್ಡ ಹಾಯಿ, ಮುಂದಿನದು ಜಿಬ್. ಹಾಯಿಗಳನ್ನು ಎಳೆದು ಸಡಿಲಿಸುವ ಹಗ್ಗಗಳನ್ನು ಶೀಟ್ ಎನ್ನುತ್ತಾರೆ. ಇಷ್ಟು ಹೆಸರು ಮೊದಲ ದಿನಕ್ಕೆ ಸಾಕು. ಬೂಮ್ ಯಾವಾಗ ಬೇಕಾದರೂ ಅತ್ತಿಂದಿತ್ತ ಬೀಸಬಹುದು, ತಲೆ ಸದಾ ಅದರ ಕೆಳಗಿರಲಿ.

ಈಗ ಗಾಳಿ. ಮುಖ ತಿರುಗಿಸುತ್ತಾ ಹೋಗಿ, ಎರಡೂ ಕಿವಿಗೆ ಸಮನಾಗಿ ಗಾಳಿಯ ಸದ್ದು ಕೇಳಿದರೆ ನೀವು ಗಾಳಿಗೆ ಎದುರಾಗಿದ್ದೀರಿ. ಗೇಟ್‌ವೇ ಸುತ್ತಲಿನ ಬಾವುಟಗಳು, ನೀರಿನ ಮೇಲಿನ ಕಪ್ಪು ಸುಕ್ಕುಗಳು ಎಲ್ಲವೂ ಗಾಳಿಯ ಸುದ್ದಿ ಹೇಳುತ್ತವೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಎರಡೂ ಬದಿಗೆ ಸುಮಾರು 45 ಡಿಗ್ರಿಯ ಆ ಜಾಗ ಬಿಟ್ಟು ಉಳಿದೆಲ್ಲ ದಿಕ್ಕೂ ನಿಮ್ಮದು.

ಹಾಯಿ ಹೊಂದಿಸುವ ಸೂತ್ರ ಒಂದೇ. ಹಾಯಿ ಪಟಪಟ ಬಡಿದುಕೊಳ್ಳುವವರೆಗೆ ಹಗ್ಗ ಸಡಿಲಿಸಿ, ಬಡಿತ ನಿಲ್ಲುವಷ್ಟು ಮಾತ್ರ ಎಳೆಯಿರಿ. ಹಗ್ಗ ಬಿಗಿಯಲು ನೆರವಾಗುವ ಉರುಳೆಯೇ ವಿಂಚ್. ವಿಂಚ್‌ಗೆ ಹಗ್ಗ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಬೆರಳು ಅದರಿಂದ ದೂರ.

ಹಂತ 7: ಚುಕ್ಕಾಣಿ ಕೈಗೆ

ಗಾಳಿ ಬರುವ ಕಡೆಯ ಅಂಚಿನಲ್ಲಿ ಕೂತು ಚುಕ್ಕಾಣಿಯ ಹಿಡಿಕೋಲನ್ನು ಹಗುರಾಗಿ ಹಿಡಿಯಿರಿ. ಕೋಲನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಮೊದಲ ಐದು ನಿಮಿಷ ಎಲ್ಲರಿಗೂ ಗೊಂದಲವಾಗುತ್ತದೆ, ಆಮೇಲೆ ಕೈಯೇ ಕಲಿತುಕೊಳ್ಳುತ್ತದೆ. ದೋಣಿಯ ಮೂತಿ ನೋಡಬೇಡಿ, ದೂರದ ಗುರಿ ನೋಡಿ. ಸ್ಕಿಪರ್ “ಆ ಗುಮ್ಮಟಕ್ಕೆ ಹಿಡಿ” ಎಂದರೆ ಗುಮ್ಮಟವನ್ನೇ ನೋಡುತ್ತಾ ಬೆರಳಷ್ಟು, ಎರಡು ಬೆರಳಷ್ಟು ಸರಿಸಿ. ತಿರುಗುವುದಕ್ಕೆ ದೋಣಿ ಒಂದು ಗಳಿಗೆ ತೆಗೆದುಕೊಳ್ಳುತ್ತದೆ, ಕಾಯಿರಿ. ಗಾಬರಿಯಾದರೆ ದೊಡ್ಡ ಹಾಯಿಯ ಶೀಟ್ ಬಿಟ್ಟುಬಿಡಿ. ಹಾಯಿ ಗಾಳಿ ಚೆಲ್ಲುತ್ತದೆ, ದೋಣಿ ನೆಟ್ಟಗಾಗಿ ನಿಧಾನಿಸುತ್ತದೆ.

ಸಣ್ಣಪುಟ್ಟ ಮೋಟಾರು ದೋಣಿಗಳು ಹಾಯಿದೋಣಿಗೆ ದಾರಿ ಬಿಡಬೇಕೆಂಬುದು ನಿಯಮ. ಬಂದರಿನ ಕಾಲುವೆಯಲ್ಲಿ ಬರುವ ದೊಡ್ಡ ಹಡಗಿಗೆ ಆ ನಿಯಮ ತೋರಿಸಬೇಡಿ. ಕಾಲುವೆ ಬಿಟ್ಟು ಸರಿಯಲು ಅದಕ್ಕೆ ಆಳವಿಲ್ಲ. ಅಡ್ಡ ಬರದಂತೆ ಸರಿದುಕೊಳ್ಳಬೇಕಾದವರು ನೀವೇ.

ಹಂತ 8: ತಲೆಯೆತ್ತಿ ಊರು ನೋಡಿ

ವಾಯವ್ಯದ ಗಾಳಿಯಲ್ಲಿ ಗೇಟ್‌ವೇಯಿಂದ ಪೂರ್ವಕ್ಕೆ ಹೋಗುವುದು ಸಲೀಸು. ಹತ್ತಿಪ್ಪತ್ತು ನಿಮಿಷ ಸಾಗಿ ಹಿಂದಿರುಗಿ ನೋಡಿ. ಎಡದಿಂದ, ಅಂದರೆ ದಕ್ಷಿಣದ ಕೊಲಾಬಾದಿಂದ ಓದುತ್ತಾ ಬನ್ನಿ. 1858ರ ಆಫ್ಘನ್ ಚರ್ಚಿನ ಸುಮಾರು 200 ಅಡಿಯ ಗೋಪುರ ಅಲ್ಲಿದೆ. ಎತ್ತರದ ಕಟ್ಟಡಗಳಿಲ್ಲದ ಕಾಲದಲ್ಲಿ ಹಡಗಿನವರು ಅದನ್ನೇ ಗುರುತು ಹಿಡಿದು ಬರುತ್ತಿದ್ದರು. ಬಲಕ್ಕೆ ಬಂದರೆ 1903ರ ತಾಜ್ ಹೋಟೆಲ್, ಕೆಂಪು ಗುಮ್ಮಟ. ಅದರ ಪಕ್ಕದ ಎತ್ತರದ ಗೋಪುರ ಎಪ್ಪತ್ತರ ದಶಕದ್ದು. ಆಮೇಲೆ ಹಳದಿ ಕಲ್ಲಿನ ಕಮಾನು. ಆಚೆಗೆ ಹಳೆಯ ಯಾಟ್ ಕ್ಲಬ್ಬಿನ ಕಟ್ಟಡ, ಅದೀಗ ಅಣುಶಕ್ತಿ ಇಲಾಖೆಯದು. ಹಿನ್ನೆಲೆಯಲ್ಲಿ ಷೇರುಪೇಟೆಯ ಗೋಪುರ.

ಇನ್ನೂ ಬಲಕ್ಕೆ ನೌಕಾಪಡೆಯ ಹಡಗುಕಟ್ಟೆ. ಅಲ್ಲಿ ಕ್ಯಾಮೆರಾ ಎತ್ತಬೇಡಿ, ದೋಣಿಯೂ ಹತ್ತಿರ ಹೋಗಬಾರದು. ಆದರೆ ಅದರ ಚರಿತ್ರೆ ತಿಳಿದು ನೋಡಿ. ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ತೇಗದ ಮರದಲ್ಲಿ ಬ್ರಿಟಿಷ್ ನೌಕಾಪಡೆಗೆ ಯುದ್ಧನೌಕೆಗಳನ್ನು ಕಟ್ಟಿಕೊಟ್ಟಿದ್ದು ಮುಂಬೈಯ ಈ ಕಟ್ಟೆಗಳಲ್ಲಿ. ಇಲ್ಲೇ ಕಟ್ಟಲಾಗಿ 1817ರಲ್ಲಿ ನೀರಿಗಿಳಿದ ಟ್ರಿಂಕೊಮಲಿ ಎಂಬ ಹಾಯಿನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ. ಈ ಕಾಲದ ಸಾಹಸವೂ ಇದೇ ನೀರಿನದು. ಅಭಿಲಾಷ್ ಟೋಮಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಲು ‘ಮ್ಹಾದೇಯಿ’ ಹಾಯಿದೋಣಿಯಲ್ಲಿ 2012ರ ನವೆಂಬರ್ 1ರಂದು ಮುಂಬೈಯಿಂದ ಹೊರಟು ಮರುವರ್ಷದ ಮಾರ್ಚ್ ಕೊನೆಗೆ ಇಲ್ಲಿಗೇ ಮರಳಿದರು.

ಪೂರ್ವಕ್ಕೆ ತಿರುಗಿದರೆ ಎಲಿಫೆಂಟಾದ ಗುಡ್ಡ, ಸ್ಥಳೀಯರ ಬಾಯಲ್ಲಿ ಘಾರಾಪುರಿ. ಕನ್ನಡಿಗರು ಇಲ್ಲಿ ಒಂದು ಗಳಿಗೆ ದೋಣಿ ನಿಧಾನಿಸಬೇಕು. ಕ್ರಿ.ಶ. 634ರ ಐಹೊಳೆ ಶಾಸನ, ಇಮ್ಮಡಿ ಪುಲಕೇಶಿ ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಮುತ್ತಿದನೆಂದು ಹೇಳುತ್ತದೆ. ಆ ಪುರಿ ಇದೇ ಘಾರಾಪುರಿ ಎಂದು ಹಲವು ವಿದ್ವಾಂಸರ ಅಭಿಪ್ರಾಯ, ಬೇರೆ ಊರು ಸೂಚಿಸುವವರೂ ಇದ್ದಾರೆ. ಬಾದಾಮಿಯ ಚಾಲುಕ್ಯರಿಗೆ ನೌಕಾಬಲವಿತ್ತೆಂಬುದನ್ನು ಪಠ್ಯದಲ್ಲಿ ಓದುವುದು ಬೇರೆ, ಈ ಗಾಳಿಯಲ್ಲಿ ಹಾಯಿ ಹಿಡಿದು ಯೋಚಿಸುವುದೇ ಬೇರೆ. ಉತ್ತರದಲ್ಲಿ ಗೆರೆಯೆಳೆದಂತೆ ಕಾಣುವುದು 2024ರಲ್ಲಿ ತೆರೆದ ಅಟಲ್ ಸೇತು.

ಹಂತ 9: ಎದುರುಗಾಳಿಯಲ್ಲಿ ಮರಳುವುದು

ಹೋದಷ್ಟು ಸುಲಭವಾಗಿ ಬರಲಾಗದು. ಆಗುಂಬೆ ಘಾಟಿಯನ್ನು ಬಸ್ಸು ತಿರುವು ತಿರುವಾಗಿ ಏರುವಂತೆ ಗಾಳಿಗೆ ಓರೆಯಾಗಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸಾಗಬೇಕು. ಪ್ರತಿ ತಿರುವೂ ಒಂದು ಟ್ಯಾಕ್. ಚುಕ್ಕಾಣಿಯವರು “ರೆಡಿ ಅಬೌಟ್” ಎನ್ನುತ್ತಾರೆ. ಜಿಬ್‌ನವರು ಹಗ್ಗ ಸಡಿಲಿಸಲು ಸಿದ್ಧರಾಗಿ “ರೆಡಿ” ಎನ್ನಬೇಕು. ಕೋಲನ್ನು ಹಾಯಿಯ ಕಡೆಗೆ ತಳ್ಳಿದೊಡನೆ ಮೂತಿ ಗಾಳಿಯನ್ನು ದಾಟುತ್ತದೆ, ತಲೆ ಬಗ್ಗಿಸಿ, ಬೂಮ್ ಆಚೆ ಹೋಗುತ್ತದೆ, ನೀವು ಈಚೆಯ ಅಂಚಿಗೆ ಸರಿಯಿರಿ, ಜಿಬ್ ಹಗ್ಗವನ್ನು ಹೊಸ ಬದಿಯಲ್ಲಿ ಎಳೆಯಿರಿ. ಅರ್ಧದಲ್ಲಿ ಹಿಂಜರಿದರೆ ದೋಣಿ ಗಾಳಿಗೆ ಮುಖಮಾಡಿ ನಿಂತುಬಿಡುತ್ತದೆ, ಒಂದೇ ಮನಸ್ಸಿನಿಂದ ತಿರುಗಿಸಿ.

ಹೋಗಲು ಹಿಡಿದ ಹೊತ್ತಿನ ಎರಡರಷ್ಟನ್ನು ಬರಲು ಇಟ್ಟುಕೊಳ್ಳಿ. ಕತ್ತಲಾಗುವ ಮುನ್ನ ದೋಣಿ ತನ್ನ ತೇಲುಬುಂಡೆ ಸೇರಿರಬೇಕು. ಅದನ್ನು ಕಟ್ಟುವ ಕೆಲಸ ಸ್ಕಿಪರ್‌ಗೆ ಬಿಡಿ, ಹಾಯಿ ಮಡಿಸಲು ಕೈಹಾಕಿ. ರುಚಿ ಹತ್ತಿದವರಿಗೆ ಮುಂಬೈಯಲ್ಲಿ ಕೆಲವು ದಿನಗಳ ತರಬೇತಿ ಶಿಬಿರಗಳಿವೆ.

ಕೊನೆಯದಾಗಿ ಮುಂಬೈಯಲ್ಲೇ ನೆಲೆಸಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಮಾಟುಂಗಾ, ಡೊಂಬಿವಲಿಗಳಲ್ಲಿ ಮೂರು ತಲೆಮಾರು ಕಳೆದ ಮನೆಗಳಲ್ಲೂ ಎಲಿಫೆಂಟಾ ಲಾಂಚ್ ಬಿಟ್ಟು ಬೇರೆ ದೋಣಿ ಹತ್ತಿದವರು ಅಪರೂಪ. ಈ ಚಳಿಗಾಲದ ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಚುಕ್ಕಾಣಿಯನ್ನು ಮೊದಲು ಅವರ ಕೈಗೆ ಕೊಡಿಸಿ.