ಸದ್ದಿಲ್ಲದೆ ಸವೆಯುವ ಮೂತ್ರಪಿಂಡಗಳು

ಬೆಳೆಗೆ ಸಾರಜನಕ ಸಾಲದಿದ್ದರೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ನೀರು ಸಾಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡುತ್ತದೆ. ಅನುಭವವುಳ್ಳ ರೈತರು ಬದುವಿನ ಮೇಲೆ ನಿಂತೇ ಬೆಳೆಯ ಕೊರತೆಯನ್ನು ಗುರುತಿಸಬಲ್ಲರು. ಆದರೆ ನಮ್ಮ ಶರೀರದ ಮೂತ್ರಪಿಂಡಗಳು ಇಂತಹ ಸೂಚನೆಯನ್ನು ಬೇಗ ಕೊಡುವುದಿಲ್ಲ. ಅರ್ಧದಷ್ಟು ಶಕ್ತಿ ಕುಂದಿದರೂ ನೋವಿಲ್ಲ, ಜ್ವರವಿಲ್ಲ. ಮೂತ್ರವೂ ಎಂದಿನಂತೆ ಹೋಗುತ್ತಿರುತ್ತದೆ. ಆದುದರಿಂದ ಈ ರೋಗ ಹೇಗೆ ಬೆಳೆಯುತ್ತದೆಂಬುದನ್ನು ಆರೋಗ್ಯವಾಗಿರುವಾಗಲೇ ತಿಳಿದುಕೊಳ್ಳುವುದು ಅಗತ್ಯ.

ಮೂತ್ರಪಿಂಡಗಳ ಕೆಲಸ

ಸೊಂಟದ ಮೇಲ್ಭಾಗದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕಗಳಲ್ಲಿ ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದೂ ಮುಷ್ಟಿಯಷ್ಟು ದೊಡ್ಡದು. ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ಅತಿ ಸಣ್ಣ ಸೋಸುಕಗಳಿವೆ. ಇವುಗಳಿಗೆ ನೆಫ್ರಾನ್‌ಗಳೆಂದು ಹೆಸರು. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. 16 ಲೀಟರ್ ಹಿಡಿಯುವ ಸಿಂಪರಣಾ ಯಂತ್ರದ ಲೆಕ್ಕದಲ್ಲಿ ಇದು ಹನ್ನೊಂದು ಟ್ಯಾಂಕಿಗೂ ಮಿಗಿಲು! ಇದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಸೇರುತ್ತದೆ. ಉಳಿದ ಒಂದೂವರೆ ಲೀಟರಿನಷ್ಟು ಮಾತ್ರ ಕಲ್ಮಷದೊಡನೆ ಮೂತ್ರವಾಗಿ ಹೊರಬೀಳುತ್ತದೆ.

ಸೋಸುವುದಷ್ಟೇ ಇವುಗಳ ಕೆಲಸವಲ್ಲ. ಉಪ್ಪು ಮತ್ತು ನೀರಿನ ಸಮತೋಲ, ರಕ್ತದೊತ್ತಡದ ಹತೋಟಿ, ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ, ಮೂಳೆಗೆ ಬೇಕಾದ 'ಡಿ' ಜೀವಸತ್ವವನ್ನು ಉಪಯೋಗಕ್ಕೆ ಬರುವಂತೆ ಮಾಡುವುದು - ಇವೂ ಮೂತ್ರಪಿಂಡಗಳ ಹೊಣೆಯೇ.

ರೋಗ ಬೆಳೆಯುವ ಬಗೆ

ಹತ್ತು ಆಳು ಮಾಡುವ ನಾಟಿಗೆ ಇಬ್ಬರು ಬರಲಿಲ್ಲವೆನ್ನಿ. ಉಳಿದ ಎಂಟು ಮಂದಿ ಬೇಗ ಬೇಗ ನೆಟ್ಟು ಕೆಲಸ ಮುಗಿಸುತ್ತಾರೆ. ಗದ್ದೆಯನ್ನು ನೋಡಿದವರಿಗೆ ಕೊರತೆ ತಿಳಿಯುವುದಿಲ್ಲ. ಆದರೆ ದಿನವೂ ಹೀಗೆಯೇ ನಡೆದರೆ ದುಡಿದವರೂ ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯುತ್ತಾರೆ. ಮೂತ್ರಪಿಂಡದಲ್ಲಿ ಆಗುವುದೂ ಇದೇ. ಕೆಲವು ನೆಫ್ರಾನ್‌ಗಳು ನಾಶವಾದಾಗ ಉಳಿದವು ಹಿಗ್ಗಿ ಹೆಚ್ಚು ಕೆಲಸ ಮಾಡುತ್ತವೆ. ಆ ಹೆಚ್ಚಿನ ಒತ್ತಡದಿಂದ ಅವೂ ಸವೆದು, ಗಾಯ ಮಾಗಿದ ಕಲೆಯಂತೆ ಗಟ್ಟಿಯಾಗುತ್ತವೆ. ನಾಶವಾದ ನೆಫ್ರಾನ್‌ಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ. ಮೂತ್ರಪಿಂಡದ ಹಾನಿ ಮೂರು ತಿಂಗಳಿಗೂ ಮೀರಿ ಉಳಿದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ರೋಗ ಎನ್ನುತ್ತಾರೆ.

ಮುಖ್ಯ ಕಾರಣಗಳು

ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡಗಳೇ ಮುಖ್ಯ ಕಾರಣಗಳು. ಹತೋಟಿಯಲ್ಲಿಲ್ಲದ ಸಕ್ಕರೆ ಸೋಸುಕಗಳ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಮೂತ್ರಕ್ಕೆ ಹೋಗಬಾರದ ಅಲ್ಬುಮಿನ್ ಎಂಬ ಪ್ರೋಟೀನು ಸೋರಿಹೋಗುತ್ತದೆ. ಅಧಿಕ ಒತ್ತಡವು ರಕ್ತನಾಳಗಳ ಗೋಡೆಯನ್ನು ದಪ್ಪವಾಗಿಸಿ, ರಕ್ತದ ಹರಿವನ್ನು ತಗ್ಗಿಸುತ್ತದೆ. ಮೂತ್ರದ ಹಾದಿಯನ್ನು ತಡೆಯುವ ಕಲ್ಲು, ಮರುಕಳಿಸುವ ಸೋಂಕು, ವಂಶದಿಂದ ಬರುವ ಕೆಲವು ರೋಗಗಳೂ ಕಾರಣವಾಗುತ್ತವೆ.

ಬೇಸಾಯಗಾರರು ವಿಶೇಷವಾಗಿ ಗಮನಿಸತಕ್ಕ ಸಂಗತಿಗಳು ಮೂರು. ಮೊದಲನೆಯದು ನೋವಿನ ಮಾತ್ರೆ. ದಿನವಿಡೀ ಬಗ್ಗಿ ದುಡಿದು ಸೊಂಟ ಹಿಡಿದಾಗ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆ ತಂದು ನುಂಗುವವರು ಬಹಳ. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಬಿಸಿಲಲ್ಲಿ ಬೆವರಿ ದೇಹ ಒಣಗಿರುವಾಗ ಇವು ಇನ್ನಷ್ಟು ಅಪಾಯಕರ. ಎರಡನೆಯದು ಹಾವಿನ ಕಡಿತ. ಕೊಳಕುಮಂಡಲದ ವಿಷವು ಮೂತ್ರಪಿಂಡಗಳನ್ನು ಒಮ್ಮೆಲೇ ಕೆಡಿಸಬಲ್ಲದು. ಬದುಕಿ ಉಳಿದವರಲ್ಲಿಯೂ ಕೆಲವರಿಗೆ ಶಾಶ್ವತ ಹಾನಿಯಾಗುತ್ತದೆ. ಕಡಿದವರನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಮೂರನೆಯದು ಬಿಸಿಲು.

ಬಿಸಿಲಿನ ದುಡಿಮೆ ಮತ್ತು ಮೂತ್ರಪಿಂಡ

ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ದುಡಿಯುವ ವಯಸ್ಸಿನವರಲ್ಲಿಯೂ ಈ ರೋಗ ಕಾಣಿಸಿಕೊಂಡಿದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರಿನ ವೈದ್ಯರು 2002ರಲ್ಲಿ ಇಂತಹ ರೋಗಿಗಳ ಬಗ್ಗೆ ವರದಿ ಮಾಡಿದರು. ಅಲ್ಲಿಯ ಕಬ್ಬಿನ ಸೀಮೆಯ ಕೂಲಿಗಾರರು, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದ ಭತ್ತದ ರೈತರು, ನಮ್ಮ ನೆರೆಯ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದ ಜನರು ಇದಕ್ಕೆ ತುತ್ತಾಗಿದ್ದಾರೆ. ಕುಡಿಯುವ ನೀರು, ಕೃಷಿ ರಾಸಾಯನಿಕ, ಬಿಸಿಲಿನ ಶ್ರಮ ಇವೆಲ್ಲವೂ ಅನುಮಾನಕ್ಕೆ ಒಳಗಾಗಿವೆ. ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಆದರೆ ನಿಕರಾಗುವಾ ದೇಶದಲ್ಲಿ ಕಬ್ಬು ಕಡಿಯುವವರಿಗೆ ನೀರು, ನೆರಳು, ವಿರಾಮಗಳನ್ನು ಹೆಚ್ಚಿಸಿದಾಗ ಮೂತ್ರಪಿಂಡದ ಹಾನಿ ಕಡಿಮೆಯಾದದ್ದು ಕಂಡುಬಂದಿದೆ. ಇದು ನಾವೂ ಅನುಸರಿಸಬಹುದಾದ ಪಾಠ.

ಶರೀರದ ಮೇಲೆ ಪರಿಣಾಮ

ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆಂಬುದರ ಮೇಲೆ ರೋಗವನ್ನು ಐದು ಹಂತಗಳಾಗಿ ವಿಂಗಡಿಸಿದ್ದಾರೆ. 90ಕ್ಕಿಂತ ಮೇಲಿದ್ದು, ಮೂತ್ರದಲ್ಲಿ ಪ್ರೋಟೀನಿನಂತಹ ಹಾನಿಯ ಗುರುತು ಇದ್ದರೆ ಮೊದಲನೆಯ ಹಂತ. 60ರಿಂದ 89 ಎರಡನೆಯದು, 30ರಿಂದ 59 ಮೂರನೆಯದು, 15ರಿಂದ 29 ನಾಲ್ಕನೆಯದು. 15ಕ್ಕಿಂತ ಕೆಳಗಿಳಿದರೆ ಕೊನೆಯ ಹಂತ.

ಮೊದಲ ಹಂತಗಳಲ್ಲಿ ರೋಗಿಗೆ ಏನೂ ಅನ್ನಿಸದಿರಬಹುದು. ಕೆಲವರಿಗೆ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ. ಮೂತ್ರದಲ್ಲಿ ನೊರೆ ನಿಲ್ಲುತ್ತದೆ. ಬರಬರುತ್ತಾ ರಕ್ತಹೀನತೆಯುಂಟಾಗಿ ಸ್ವಲ್ಪ ಕೆಲಸಕ್ಕೇ ಏದುಸಿರು ಬರುತ್ತದೆ. ಉಪ್ಪು ಮತ್ತು ನೀರು ಒಳಗೇ ಉಳಿದು ಪಾದಗಳು, ಬೆಳಗಿನ ಹೊತ್ತು ಕಣ್ಣಿನ ಸುತ್ತಲಿನ ಭಾಗ ಊದಿಕೊಳ್ಳುತ್ತವೆ. ರಕ್ತದೊತ್ತಡ ಏರುತ್ತದೆ, ಏರಿದ ಒತ್ತಡ ಮೂತ್ರಪಿಂಡವನ್ನು ಮತ್ತಷ್ಟು ಕೆಡಿಸುತ್ತದೆ. ಮೂಳೆಗಳು ದುರ್ಬಲವಾಗುತ್ತವೆ. ಕೊನೆಗೆ ಕಲ್ಮಷ ರಕ್ತದಲ್ಲಿ ನಿಂತು ಹಸಿವು ಸಾಯುತ್ತದೆ. ಓಕರಿಕೆ, ಮೈ ತುರಿಕೆ, ಮಂಪರು ಕಾಣುತ್ತವೆ. ಪೊಟ್ಯಾಷಿಯಂ ಮಿತಿಮೀರಿದರೆ ಹೃದಯದ ಬಡಿತವೇ ನಿಲ್ಲಬಹುದು.

ಆಗ ಉಳಿಯುವ ಮಾರ್ಗಗಳು ಮುಖ್ಯವಾಗಿ ಎರಡು: ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡದ ಜೋಡಣೆ. ಯಂತ್ರದ ಮೂಲಕ ರಕ್ತ ಸೋಸುವ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿ ಸುಮಾರು ನಾಲ್ಕು ಗಂಟೆ ಮಲಗಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೇವೆ ಉಚಿತ. ಆದರೂ ಹೋಗಿ ಬರುವ ಖರ್ಚು, ಕಳೆದುಹೋಗುವ ದುಡಿಮೆಯ ದಿನಗಳು ಕುಟುಂಬದ ಮೇಲೆಯೇ ಬೀಳುತ್ತವೆ.

ಪರೀಕ್ಷೆ ಮತ್ತು ಮುಂಜಾಗ್ರತೆ

ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ ಇದಕ್ಕೂ ಸುಲಭವಾದ ಪರೀಕ್ಷೆಗಳಿವೆ: ರಕ್ತದೊತ್ತಡ, ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್. ಕ್ರಿಯಾಟಿನಿನ್ ಒಂದನ್ನೇ ನೋಡಿ ನಿಶ್ಚಿಂತರಾಗಬೇಡಿ. ಅರ್ಧ ಶಕ್ತಿ ಹೋಗುವವರೆಗೂ ಅದು ಸರಿಯಾಗಿಯೇ ಇರುವಂತೆ ತೋರಬಹುದು. ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ತಪ್ಪದೆ ಪರೀಕ್ಷಿಸಿಕೊಳ್ಳತಕ್ಕದ್ದು. ರೋಗ ಬೇಗ ಗೊತ್ತಾದರೆ ಅದರ ಓಟವನ್ನು ಬಹಳ ವರ್ಷ ನಿಧಾನಗೊಳಿಸುವ ಔಷಧಗಳು ಈಗ ಇವೆ.

ರೈತ ಬಾಂಧವರು ಈ ಕೆಳಗಿನ ಅಂಶಗಳನ್ನು ನೆನಪಿಡಬೇಕು:

1. ಹೊಲಕ್ಕೆ ಬುತ್ತಿಯಂತೆಯೇ ನೀರನ್ನೂ ಒಯ್ಯಿರಿ. ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯಿರಿ. ಶ್ರಮದ ಕೆಲಸವನ್ನು ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಮಾಡಿ, ನಡುಹಗಲು ನೆರಳಿನಲ್ಲಿ ವಿಶ್ರಮಿಸಿ. ಕೂಲಿಯಾಳುಗಳಿಗೂ ಈ ಅನುಕೂಲ ಮಾಡಿಕೊಡಿ.

2. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆ ನುಂಗಬೇಡಿ. ಪಾದರಸ, ಸೀಸ ಮುಂತಾದ ಲೋಹ ಬೆರೆತಿರಬಹುದಾದ ಗುರುತು ಪರಿಚಯವಿಲ್ಲದ ಔಷಧಗಳಿಂದ ದೂರವಿರಿ.

3. ದಿನಕ್ಕೆ ಒಟ್ಟು 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

4. ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳನ್ನು 'ಈಗ ಹಗುರವಾಗಿದೆ' ಎಂದು ನಿಲ್ಲಿಸಬೇಡಿ. ಬೀಡಿ, ಸಿಗರೇಟು ಬಿಡಿ.

5. ರೋಗ ಮುಂದುವರಿದಿರುವವರಿಗೆ ಎಳನೀರು, ಬಾಳೆಹಣ್ಣುಗಳಲ್ಲಿನ ಪೊಟ್ಯಾಷಿಯಂ ಅಪಾಯವಾಗಬಹುದು. ಅಂತಹವರು ನೀರು, ಆಹಾರದ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಹಳದಿ ಎಲೆ ಕಂಡ ಮೇಲೆ ಗೊಬ್ಬರ ಹಾಕಿದರೂ ಬೆಳೆ ಚೇತರಿಸಿಕೊಂಡೀತು. ಕಳೆದುಹೋದ ನೆಫ್ರಾನ್‌ಗಳು ಮಾತ್ರ ಮತ್ತೆ ಚಿಗುರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಬೇಸಾಯ. ಮುಂದಿನ ಸಲ ತಾಲ್ಲೂಕು ಕೇಂದ್ರಕ್ಕೆ ಹೋದಾಗ ನಿಮ್ಮ ಮತ್ತು ಮನೆಯಾಕೆಯ ರಕ್ತದೊತ್ತಡ, ಮೂತ್ರ, ರಕ್ತಗಳ ಪರೀಕ್ಷೆಯನ್ನು ಮುಗಿಸಿಕೊಂಡೇ ಬನ್ನಿ.